ಶನಿವಾರ ಸಂಜೆಯ ಚೀಟಿ

ಹೋದ ತಿಂಗಳು ಮೊಮ್ಮಗಳ ಕಾರಿನಲ್ಲಿ ದಾವಣಗೆರೆಯಿಂದ ಕಡೂರಿಗೆ ಬರುತ್ತಿದ್ದೆ. ಅಜ್ಜಂಪುರ ಇನ್ನೂ ಎರಡು ಮೈಲಿ ಇರುವಾಗಲೇ ಹಸಿ ಈರುಳ್ಳಿಯ ಘಾಟು ಮೂಗಿಗೆ ಬಡಿಯಿತು. ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಕಿತ್ತು ಹರಡಿದ ಈರುಳ್ಳಿ, ಅದರ ನಡುವೆ ಸಾಲಾಗಿ ಕೂತು ಗಡ್ಡೆಯಿಂದ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು. "ಅಜ್ಜಿ, ಗಾಜು ಏರಿಸ್ಲಾ?" ಎಂದಳು ಹುಡುಗಿ. "ಬೇಡ, ಪೂರ್ತಿ ಇಳಿಸು" ಎಂದೆ. ಅವಳು ನನ್ನ ಮುಖ ನೋಡಿ ಇಳಿಸಿದಳು.

ಇದೇ ವಾಸನೆಯಲ್ಲಿ, ಇದೇ ರಸ್ತೆಯ ಮೇಲೆ, ನಾನೂ ನಮ್ಮವರೂ ಎರಡು ಸೈಕಲ್ಲು ತುಳಿದುಕೊಂಡು ಹೋಗಿದ್ದೆವು. ಎಂಬತ್ತೆರಡನೇ ಇಸವಿ, ದಸರಾ ಮುಗಿದ ಮೇಲೆ. ನನಗೆ ಐವತ್ತೈದು, ಅವರಿಗೆ ಐವತ್ತೇಳು. ಮನೆ ಬಿಟ್ಟು ಮತ್ತೆ ಮನೆ ಸೇರಲು ಇಪ್ಪತ್ತೊಂದು ದಿನ ಹಿಡಿಯಿತು. ಆಮೇಲೆ ಅವರು ಬದುಕಿದ್ದು ನಾಲ್ಕೇ ತಿಂಗಳು. ನನಗೀಗ ಎಂಬತ್ತು ದಾಟಿದೆ. ಆ ಇಪ್ಪತ್ತೊಂದು ದಿನದ ಕಥೆಯನ್ನು ಮಗನಿಗೂ ಸರಿಯಾಗಿ ಹೇಳಿಲ್ಲ.

ನಾವಿಬ್ಬರೂ ಪ್ರೈಮರಿ ಶಾಲೆಯ ಮೇಷ್ಟರುಗಳು. ಊರವರ ಬಾಯಲ್ಲಿ ಅವರು ಮಲ್ಲಪ್ಪ ಮೇಷ್ಟ್ರು, ನಾನು ಗಿರಿಜಾ ಟೀಚರಮ್ಮ. ಮದುವೆಯಾದ ಮೊದಲ ಏಳು ವರ್ಷ ಇಲಾಖೆ ನಮ್ಮನ್ನು ಒಂದೂರಿನಲ್ಲಿ ಇಡಲಿಲ್ಲ. ನನ್ನನ್ನು ಕಡೂರು ತಾಲ್ಲೂಕಿಗೆ ಹಾಕಿದರೆ ಅವರನ್ನು ತರೀಕೆರೆ ತಾಲ್ಲೂಕಿಗೆ. ಅಜ್ಜಂಪುರ, ಶಿವನಿ ಎಲ್ಲ ಆಗ ತರೀಕೆರೆಗೇ ಸೇರಿದ್ದವು. ಅವರು ಶನಿವಾರ ಮಧ್ಯಾಹ್ನದ ಮೇಲೆ ಬಂದು ಭಾನುವಾರ ಸಂಜೆ ಹೊರಡುವುದು, ಅದೂ ತಿಂಗಳಿಗೆ ಎರಡು ಸಲವಾದರೆ ಹೆಚ್ಚು. ಕೊನೆಗೆ ಕಡೂರಿನಲ್ಲಿ ಒಂದು ಮನೆ ಅಂತ ಆದಮೇಲೂ ಎರಡು ಮೂರು ಸಲ ಬೇರೆ ಬೇರೆ ಊರಿಗೆ ಹೋಗಿ ಬಂದವರೇ.

ಅವರು ನನಗಿಂತ ಎರಡು ವರ್ಷ ಮೊದಲೇ ರಿಟೈರಾದರು. ನನ್ನ ಬೀಳ್ಕೊಡುಗೆಯ ಮಾರನೆಯ ದಿನ ಹಿತ್ತಿಲಲ್ಲಿ ಎರಡೂ ಸೈಕಲ್ಲುಗಳನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದರು.

"ಗಿರಿಜಾ, ನಾನಿದ್ದ ಊರು ನೀನು ನೋಡಿಲ್ಲ, ನೀನಿದ್ದ ಊರು ನಾನು ಸರಿಯಾಗಿ ನೋಡಿಲ್ಲ. ಎಲ್ಲ ಒಂದು ಸುತ್ತು ಹಾಕ್ಕಂಡು ಬರಾನ."

"ಬಸ್ಸಲ್ಲಾ?"

"ಬಸ್ಸಿಗೆ ಕಾದಿದ್ದು ಸಾಕು ಕಣೇ. ಸೈಕಲ್ಲಲ್ಲಿ. ನಮಗೇನು ಅವಸರ?"

ನಾನು, "ಸಿಂಗಟಗೆರೆ ಕಡೆಗೆ ಬೇಡ" ಎಂದೆ. ಅವರು ಚಕ್ರ ತಿರುಗಿಸುತ್ತಾ, "ಬೇಡ ಬಿಡು" ಎಂದರು. ಯಾಕೆ ಅಂತ ಅವರು ಕೇಳಬೇಕಾಗಿರಲಿಲ್ಲ.

ದಾವಣಗೆರೆಯಿಂದ ಮಗ ಬಂದು ಜಗಳ ತೆಗೆದ. "ಅಪ್ಪಂಗೆ ಎದೆನೋವು ಬಂದು ಇನ್ನೂ ವರ್ಷ ಆಗಿಲ್ಲ. ಡಾಕ್ಟ್ರು ಮೆಟ್ಟಿಲು ಹತ್ತಬೇಡಿ ಅಂದಿದ್ರೆ ನೀವು ಸೈಕಲ್ ತುಳೀತೀನಿ ಅಂತೀರಲ್ಲ!" ನಮ್ಮವರು ನಗುತ್ತಾ, "ಮೆಟ್ಟಿಲು ಬೇಡ ಅಂದವ್ರೆ ಕಣೋ, ಸೈಕಲ್ಲು ಬೇಡ ಅಂದಿಲ್ಲ. ಏರು ಬಂದ್ರೆ ಇಳಿದು ತಳ್ತೀವಿ" ಎಂದರು. ಅಷ್ಟೊಂದು ಹಟ ಅವರಲ್ಲಿ ನಾನು ಕಂಡದ್ದು ಕಡಿಮೆ. ವಯಸ್ಸಾದ ಮೇಲೆ ಹುಡುಗಾಟ ಬಂದಿದೆ ಅಂದುಕೊಂಡೆ.

ಬೀರೂರು ದಾಟಿದ ಮೇಲೆ ಅಜ್ಜಂಪುರದ ದಾರಿ ಹಿಡಿದೆವು. ನನ್ನ ಲೇಡೀಸ್ ಸೈಕಲ್ಲಿನ ಕ್ಯಾರಿಯರಿಗೆ ಬಟ್ಟೆಯ ಗಂಟು, ಅವರ ಸೈಕಲ್ಲಿಗೆ ಜಮಖಾನೆ, ರೊಟ್ಟಿ ಚಟ್ನಿಪುಡಿಯ ಡಬ್ಬಿ, ಗಾಳಿ ಹೊಡೆಯುವ ಪಂಪು. ಚಿತ್ತೆ ಮಳೆ ಹಿಂದಿನ ವಾರವಷ್ಟೇ ಬಿದ್ದು ಹೋಗಿತ್ತು. ಹುಚ್ಚೆಳ್ಳು ಹೂ ಬಿಟ್ಟು ಬದುಗಳೆಲ್ಲ ಹಳದಿ. ರಾಗಿ ತೆನೆ ಬಲಿತು ತಲೆ ಬಾಗಿಸಿತ್ತು. ಬೆಳಿಗ್ಗೆ ಇಬ್ಬನಿ ಆರುವುದರೊಳಗೆ ಐದಾರು ಮೈಲಿ ತುಳಿದು, ಬಿಸಿಲು ಏರಿದೊಡನೆ ಯಾವುದಾದರೂ ಮರದ ಕೆಳಗೆ ಜಮಖಾನೆ ಹಾಸುವುದು. ಸಂಜೆ ಹೊತ್ತಿಗೆ ಅವರ ಹಳೆಯ ಶಿಷ್ಯರ ಮನೆಯೋ, ನನ್ನ ಹಳೆಯ ಶಿಷ್ಯೆಯರ ಗಂಡನ ಮನೆಯೋ ಸಿಕ್ಕೇ ಸಿಗುತ್ತಿತ್ತು. ಯಾರೂ ಒಂದೇ ದಿನಕ್ಕೆ ಬಿಡುತ್ತಿರಲಿಲ್ಲ.

ಒಂದೂರಿನಲ್ಲಿ ಜಗಲಿಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು. "ಏನವ್ವಾ ಇದು, ಗಂಡನ ಹಿಂದೆ ಕ್ಯಾರಿಯರ್ ಮ್ಯಾಲೆ ಕೂರದು ಬಿಟ್ಟು ಸೀರೆ ಉಟ್ಕಂಡು ತುಳೀತೀಯಲ್ಲ!"

"ನಾನು ಕೂತ್ರೆ ಅವ್ರಿಗೆ ತುಳಿಯೋಕೆ ಆಗಲ್ಲ ಅಜ್ಜಿ, ದಪ್ಪ ಆಗಿದೀನಿ" ಎಂದೆ. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. ಮುಂದೆ ಹೋಗಿದ್ದ ನಮ್ಮವರು ಸೈಕಲ್ಲು ನಿಲ್ಲಿಸಿ ಏನು ಏನು ಎಂದು ಕೇಳಿ, ಹೇಳಿದ ಮೇಲೆ ಒಂದು ಮೈಲಿ ದೂರ ನಗುತ್ತಲೇ ಹೋದರು. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ನಾವಿಬ್ಬರೂ ಅಷ್ಟು ಹೊತ್ತು ಅಕ್ಕಪಕ್ಕದಲ್ಲಿ ಇದ್ದದ್ದು ಅದೇ ಮೊದಲು. ಆ ಮೊದಲ ಎಂಟು ದಿನದಷ್ಟು ಸುಖ ನನ್ನ ಸಂಸಾರದಲ್ಲಿ ಬೇರೆ ಇಲ್ಲ. ಇದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ.

ನಾನು ಸೈಕಲ್ಲು ಕಲಿತದ್ದು ಖುಷಿಗಲ್ಲ.

ಐವತ್ತೇಳರಲ್ಲಿ ನಾನು ಸಿಂಗಟಗೆರೆಯಿಂದ ಎರಡು ಮೈಲಿ ಒಳಗಿನ ಒಂದು ಹಳ್ಳಿಯಲ್ಲಿದ್ದೆ. ಜೊತೆಗೆ ನಮ್ಮ ಮೊದಲ ಮಗು, ಉಮಾ, ನಾಲ್ಕು ವರ್ಷದವಳು. ಅವರು ಶಿವನಿಯಲ್ಲಿದ್ದರು. ಒಂದು ಶುಕ್ರವಾರ ಉಮಾಗೆ ಜ್ವರ ಬಂತು. ಶನಿವಾರ ಬೆಳಿಗ್ಗೆ ಗಂಟಲು ಊದಿ ನೀರು ಇಳಿಯದಾಯಿತು. ಅದೇ ಊರಿನ ಕಾಯಿ ವ್ಯಾಪಾರದ ರುದ್ರಣ್ಣ ಅವತ್ತು ಕಡೂರಿಗೆ ಹೋಗಿ ರೈಲು ಹತ್ತಿ ಶಿವನಿಯ ಕಡೆ ಹೊರಟಿದ್ದ. ಶಾಲೆಯ ಪುಸ್ತಕದ ಹಾಳೆ ಹರಿದು "ಉಮಾಗೆ ಜ್ವರ. ಬನ್ನಿ" ಎಂದು ಬರೆದು ಅವನ ಕೈಗೆ ಕೊಟ್ಟೆ. ಹೆಚ್ಚು ಬರೆಯಲು ಮಗು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಉಸಿರಾಟ ಬಿಗಿಯಿತು. ಕಡೂರಿನ ಆಸ್ಪತ್ರೆಗೆ ಹೋಗಲು ಗಾಡಿ ಕೇಳಿದೆ. ಊರಿನಲ್ಲಿದ್ದ ಎರಡು ಗಾಡಿಯೂ ಮದುವೆ ದಿಬ್ಬಣಕ್ಕೆ ಹೋಗಿದ್ದವು. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಸಿಂಗಟಗೆರೆವರೆಗೆ ನಡೆದೆ. ಅಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ಮಧ್ಯಾಹ್ನ ಮೂರು ಗಂಟೆಗೆ ನನ್ನ ಮಡಿಲಲ್ಲೇ ಉಮಾ ಹೋದಳು.

ಸೋಮವಾರ ಬೆಳಿಗ್ಗೆ ಊರವರು ಕೆರೆಯ ಹಿಂದಿನ ಬೀಳು ಜಮೀನಿನಲ್ಲಿ ಮಣ್ಣು ಮಾಡಿದರು. ಅವತ್ತು ಸಂಜೆ ನಮ್ಮವರು ಬಂದರು. ಬಾಗಿಲಲ್ಲಿ ನಿಂತ ಹೆಂಗಸರನ್ನು ನೋಡಿಯೇ ಅವರಿಗೆ ತಿಳಿಯಿತು. ನಾನು ಕೇಳಿದ್ದು ಒಂದೇ ಮಾತು, "ಚೀಟಿ ಯಾವಾಗ ಸಿಕ್ತು?"

"ಈವತ್ತು ಬೆಳಿಗ್ಗೆ" ಎಂದರು.

ರುದ್ರಣ್ಣ ಚೀಟಿಯನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತನ್ನ ವ್ಯಾಪಾರ ನೋಡಿಕೊಂಡ ಅಂತ ನಾನು ತೀರ್ಮಾನ ಮಾಡಿದೆ. ಅವನು ಮನೆ ಬಾಗಿಲಿಗೆ ಬಂದಾಗ ಕದ ಹಾಕಿದೆ. ಅವನ ಹೆಂಡತಿ ಪಾರ್ವತಮ್ಮ ಹಾಲು ತಂದುಕೊಟ್ಟರೆ ಅಂಗಳಕ್ಕೆ ಚೆಲ್ಲಿದೆ. ಎರಡು ತಿಂಗಳಿಗೆ ನಮ್ಮವರಿಗೆ ಕಡೂರಿಗೆ ವರ್ಗವಾಯಿತು, ನಾನೂ ಬೇಡಿಕೊಂಡು ಆ ಊರು ಬಿಟ್ಟೆ. ಆಮೇಲೆ ನನ್ನನ್ನು ಕಡೂರಿಗೆ ಹತ್ತಿರದ ಹಳ್ಳಿಯೊಂದಕ್ಕೆ ಹಾಕಿದಾಗ ಮೊದಲು ಮಾಡಿದ ಕೆಲಸ ಸೈಕಲ್ಲು ಕಲಿತದ್ದು. ಇನ್ನು ಯಾರ ಗಾಡಿಗೂ, ಯಾರ ಬಸ್ಸಿಗೂ ಕಾಯುವುದಿಲ್ಲ ಎಂಬ ಛಲ. ಮಂಡಿ, ಮೊಣಕೈ ಕಿತ್ತು ಹೋದವು. ಹಿಂದೆ ಹಿಡಿದು ಓಡಿ ಬಂದು ಕಲಿಸಿದವರು ನಮ್ಮವರೇ.

ರುದ್ರಣ್ಣ ಕಡೂರಿನ ಸಂತೆಯಲ್ಲಿ ಎದುರಾದರೆ ನಾನು ದಾರಿ ಬದಲಿಸುತ್ತಿದ್ದೆ. ಒಂದು ಸಲ ಬಸ್ಸಿನಲ್ಲಿ ಎದ್ದು ಜಾಗ ಕೊಡಲು ಬಂದ, ನಾನು ಕೂರಲಿಲ್ಲ, ಬೀರೂರಿನವರೆಗೂ ನಿಂತೇ ಹೋದೆ. ಮನೆಯಲ್ಲಿ ಮಾತು ಬಂದಾಗಲೆಲ್ಲ, "ಆ ಪಾಪಿ ಒಂದು ಚೀಟಿ ಹೊತ್ತಿಗೆ ಕೊಟ್ಟಿದ್ರೆ" ಎನ್ನುತ್ತಿದ್ದೆ. ಅಂಥ ಹೊತ್ತಿನಲ್ಲಿ ನಮ್ಮವರು ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ದುಃಖ ತಡೆಯಲಾರರು ಅಂತ ತಿಳಿದಿದ್ದೆ.

ಒಂಬತ್ತನೆಯ ದಿನ ಶಿವನಿ ಸೇರಿದೆವು. ಭಾನುವಾರವಾದ್ದರಿಂದ ಅವರ ಹಳೆಯ ಶಾಲೆಗೆ ಬೀಗ. ಬೆಳಗಿನ ಎಂಟು ಗಂಟೆ ಇರಬಹುದು. ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಗಾಡಿ ಹೋಗುವ ಸದ್ದು ಕೇಳುತ್ತಿತ್ತು. ಅವರು ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ನೆಲವನ್ನು ಕೈಯಿಂದ ಒರೆಸಿ ನನಗೆ ಜಾಗ ಮಾಡಿದರು.

"ಗಿರಿಜಾ, ಒಂದು ಮಾತು ಹೇಳೋದಿದೆ. ಇದನ್ನ ಹೇಳೋಕೇ ಇಲ್ಲೀತನಕ ಕರ್ಕೊಂಡು ಬಂದಿದ್ದು. ಮನೇಲಿ ಆಗ್ಲಿಲ್ಲ. ಎದೆನೋವು ಬಂದಾಗ ಹೇಳದೇ ಹೋಗ್ಬಿಡ್ತೀನೇನೋ ಅಂತ ಭಯ ಆಯ್ತು."

ನಾನು ಅವರ ಕಾಯಿಲೆಯ ವಿಷಯ ಅಂದುಕೊಂಡೆ.

"ರುದ್ರಣ್ಣ ಚೀಟಿ ಕೊಟ್ಟಿದ್ದು ಸೋಮವಾರ ಅಲ್ಲ. ಶನಿವಾರ ಸಂಜೇನೇ ಕೊಟ್ಟ. ರೈಲಿಂದ ಇಳಿದೋನು ಸೀದಾ ಇಲ್ಲಿಗೇ ಬಂದ. ಇದೇ ಮೆಟ್ಟಿಲಲ್ಲಿ ನಿಂತ್ಕಂಡು ಓದ್ದೆ."

ನನಗೆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

"ಸೋಮವಾರ ಇನ್‌ಸ್ಪೆಕ್ಟ್ರು ಬರೋರಿದ್ರು. ನನ್ನ ವರ್ಗದ ಅರ್ಜಿ ಅವ್ರ ಕೈಲಿತ್ತು. ಶಾಲೆ ಚೆನ್ನಾಗಿ ತೋರಿಸಿದ್ರೆ ಕಡೂರಿಗೆ ಶಿಫಾರಸು ಮಾಡ್ತೀನಿ ಅಂದಿದ್ರು. ಮಕ್ಕಳಿಗೆ ಜ್ವರ ಬರ್ತದೆ ಹೋಗ್ತದೆ, ಒಂದಿನ ತಡೆದು ಹೋದ್ರಾಯ್ತು, ಆಮೇಲೆ ಮೂರೂ ಜನ ಒಟ್ಟಿಗೇ ಇರಬಹುದಲ್ಲ ಅಂದ್ಕಂಡೆ. ಭಾನುವಾರ ಇಡೀ ದಿನ ಗೋಡೆಗೆ ಸುಣ್ಣ ಹೊಡೆದೆ ಕಣೇ. ಅವಳು ಹೋಗೋ ಹೊತ್ತಲ್ಲಿ ನಾನು ಸುಣ್ಣ ಹೊಡೀತಿದ್ದೆ."

ನಾನು ಎದ್ದೆ. ಸೈಕಲ್ಲಿನ ಸ್ಟ್ಯಾಂಡು ತೆಗೆದೆ. "ಗಿರಿಜಾ, ಗಿರಿಜಾ" ಎಂದು ಅವರು ಎರಡು ಸಲ ಕರೆದದ್ದು ಕೇಳಿಸಿತು. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ, ದಾರಿ ಹೋದ ಕಡೆಗೆ ತುಳಿದೆ. ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ಬಂದಾಗ ಮುಂದೆ ತುಳಿಯಲು ಕಾಲಿನಲ್ಲಿ ಶಕ್ತಿ ಉಳಿದಿರಲಿಲ್ಲ. ಆ ವರ್ಷ ಕೆರೆ ತುಂಬಿತ್ತು. ಅಷ್ಟು ನೀರನ್ನು ನೋಡುತ್ತಾ ಕೂತೆ. ಅಳು ಬರಲಿಲ್ಲ. ಉಮಾಳ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದರೆ ರುದ್ರಣ್ಣನ ಮುಖ ಬರುತ್ತಿತ್ತು. ಬಸ್ಸಿನಲ್ಲಿ ಎದ್ದು ನಿಂತು, ಸೀಟಿನ ಕಡೆ ಕೈ ತೋರಿಸುತ್ತಿದ್ದ ಮುಖ. ಅವನು ತೀರಿಹೋಗಿ ಆಗಲೇ ಆರು ವರ್ಷ ಆಗಿತ್ತು. ಸುದ್ದಿ ಬಂದ ದಿನ ನಾನು, "ಹೋಗ್ಲಿ" ಎಂದು ಒಲೆಯ ಕಡೆ ತಿರುಗಿದ್ದೆ. ಅದೇ ಅಡುಗೆಮನೆಯಲ್ಲಿ ನಮ್ಮವರು ಊಟಕ್ಕೆ ಕೂತಿದ್ದರು. ಆಗಲೂ ಬಾಯಿ ಬಿಡಲಿಲ್ಲವಲ್ಲ!

ಮಧ್ಯಾಹ್ನ ದಾಟಿದ ಮೇಲೆ ಅವರು ಬಂದರು. ದಾರಿಯಲ್ಲಿ ಚೈನು ತುಂಡಾಗಿ, ಸೈಕಲ್ಲನ್ನು ತಳ್ಳಿಕೊಂಡೇ ಬಂದಿದ್ದರು. ಅಂಗಿ ಬೆವರಿನಿಂದ ಮೈಗಂಟಿತ್ತು, ಒಂದು ಕೈ ಎದೆಯ ಮೇಲಿತ್ತು. ನನಗೆ ಮರುಕ ಬಂತು, ಮರುಕ ಬಂತಲ್ಲಾ ಎಂದು ಇನ್ನೂ ಸಿಟ್ಟು ಬಂತು. ಸೀಸೆಯ ನೀರು ಕೊಟ್ಟೆ. ಕುಡಿದು ದೂರದಲ್ಲಿ ಕೂತರು.

"ಇನ್‌ಸ್ಪೆಕ್ಟ್ರು ಬಂದಿದ್ರಾ?" ಎಂದೆ.

"ಇಲ್ಲ. ಹನ್ನೆರಡರ ತನಕ ಕಾದೆ. ಸೋಮವಾರ ಬರ್ಲೇ ಇಲ್ಲ."

ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

"ರುದ್ರಣ್ಣನ ಹೆಸರು ನಾನು ಎತ್ತಿದಾಗ್ಲಾದ್ರೂ ಹೇಳಬಾರದಾಗಿತ್ತಾ?"

"ಅವತ್ತು ಬಾಗಿಲಲ್ಲಿ ನೀನು ಕೇಳಿದಾಗ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಆಮೇಲೆ ಹೇಳಿದ್ರೆ ನೀನು ನನ್ನ ಜೊತೆ ಇರಲ್ಲ ಅನ್ನಿಸ್ತು. ನೀನು ಅವನ ಮೇಲೆ ಸಿಟ್ಟಾದಷ್ಟು ದಿನ ನಾನು ಬಚಾವಾದೆ. ಅದೇ ನಿಜ."

ಅಲ್ಲಿಂದ ಮುಂದೆ ಮಾತಿಲ್ಲ. ಹಾದಿಯ ಊರೊಂದರಲ್ಲಿ ಚೈನು ಹಾಕಿಸಿಕೊಂಡು ಮೂರನೆಯ ದಿನ ತರೀಕೆರೆ ಸೇರಿದೆವು. ಅಲ್ಲಿ ಅವರ ಹಳೆಯ ಸ್ನೇಹಿತರೊಬ್ಬರ ಮನೆಗೆ ಮೊದಲೇ ಕಾಗದ ಬರೆದಿದ್ದರು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆ ಮನೆಯಾಕೆ ನಮ್ಮನ್ನು ಅಕ್ಕಪಕ್ಕ ಕೂರಿಸಿ ಹೋಳಿಗೆ ಬಡಿಸಿದರು. "ನೋಡ್ರೀ, ಈ ವಯಸ್ಸಲ್ಲಿ ಹೆಂಗೆ ಜೋಡಿಯಾಗಿ ತಿರುಗ್ತಾರೆ. ನಮ್ಮನೆಯೋರು ಸಂತೆಗೂ ಕರ್ಕೊಂಡು ಹೋಗಲ್ಲ" ಎಂದು ಗಂಡನನ್ನು ಛೇಡಿಸಿದರು. ನಾವಿಬ್ಬರೂ ನಕ್ಕೆವು. ನಗುವುದು ಅಷ್ಟು ಕಷ್ಟ ಎಂದು ಆವರೆಗೆ ಗೊತ್ತಿರಲಿಲ್ಲ.

ಆ ಮನೆಯಲ್ಲಿ ನಾಲ್ಕು ದಿನ ಇದ್ದೆವು, ನಮ್ಮವರ ಎದೆ ಸುಧಾರಿಸಲಿ ಎಂದು. ನಾನು ಬಸ್ಸು ಹತ್ತಿ ಮಗನ ಮನೆಗೆ ಹೊರಟುಬಿಡಬಹುದಾಗಿತ್ತು. ಎರಡು ಸಲ ಬಟ್ಟೆ ಗಂಟು ಕಟ್ಟಿ ಬಿಚ್ಚಿದೆ. ಐದನೆಯ ಬೆಳಿಗ್ಗೆ ಅವರು ಕಾಫಿ ಕುಡಿಯುತ್ತಿದ್ದಾಗ, "ರುದ್ರಣ್ಣನ ಮನೆಗೆ ಹೋಗಬೇಕು. ನೀವೂ ಬರಬೇಕು. ಪಾರ್ವತಮ್ಮನ ಮುಂದೆ ನೀವೇ ಹೇಳಬೇಕು" ಎಂದೆ. ಅವರು ಲೋಟ ಕೆಳಗಿಟ್ಟು, "ಹೊರಡಾನ" ಎಂದರು.

ತರೀಕೆರೆಯಿಂದ ಬೀರೂರು, ಬೀರೂರಿನಿಂದ ಕಡೂರು. ನಿಧಾನಕ್ಕೆ, ಅಲ್ಲಲ್ಲಿ ತಂಗಿ ಹೋದೆವು. ಕಡೂರಿನಲ್ಲಿ ನಮ್ಮ ಬೀದಿಯ ತಿರುವು ಬಂದಾಗ ಅವರು ನನ್ನ ಕಡೆ ನೋಡಿದರು. ನಾನು ಇಳಿಯಲಿಲ್ಲ, ಅವರೂ ಇಳಿಯಲಿಲ್ಲ. ಸಿಂಗಟಗೆರೆಯಲ್ಲಿ ನಾನು ಅವತ್ತು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಕಟ್ಟೆಯ ಮುಂದೆ ಸೈಕಲ್ಲು ನಿಲ್ಲಿಸಿ, "ಇಲ್ಲಿ" ಎಂದೆ. ಅವರು ಕಟ್ಟೆಯನ್ನು ಮುಟ್ಟಿದರು. ಅಲ್ಲಿ ಯಾರೋ ಇಬ್ಬರು ಕೂತು ಎಲೆಅಡಿಕೆ ಹಾಕುತ್ತಿದ್ದರು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಪಾರ್ವತಮ್ಮನಿಗೆ ಕಣ್ಣು ಮಂಜಾಗಿತ್ತು. ಹೆಸರು ಹೇಳಿದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, "ಟೀಚರಮ್ಮಾ, ಬಂದ್ರಾ!" ಎಂದು ಒಳಗೆ ಕರೆದೊಯ್ದರು. ನಮ್ಮವರು ಕೂರಲಿಲ್ಲ. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗ ಮೇಷ್ಟರ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ ನಿಂತು, ಶನಿವಾರ ಸಂಜೆಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ಏನನ್ನೂ ಮುಚ್ಚಲಿಲ್ಲ, ಸುಣ್ಣ ಹೊಡೆದದ್ದನ್ನೂ ಬಿಡಲಿಲ್ಲ.

ಪಾರ್ವತಮ್ಮ ಅವರ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಹೇಳಿದರು: "ನಮ್ಮನೆಯೋರಿಗೆ ಗೊತ್ತಿತ್ತು ಮೇಷ್ಟ್ರೇ. ಕೈಯಾರೆ ಕೊಟ್ಟೋರಿಗೆ ಗೊತ್ತಿರದಿಲ್ವಾ? ಹೋಗಿ ಹೇಳ್ಬಿಡಿ, ಯಾಕೆ ಸುಮ್ಕೆ ಕೆಟ್ಟೋರಾಗ್ತೀರಿ ಅಂತ ನಾನೇ ಜಗಳ ಆಡಿದೀನಿ. 'ಲೇ, ಮಗೀನ ಕಳ್ಕಂಡವಳು, ಗಂಡನ್ನೂ ಕಳ್ಕಂಬೇಕಾ? ನನ್ ಮ್ಯಾಲೆ ಸಿಟ್ಟಿದ್ರೆ ಇರ್ಲಿ ಬಿಡು' ಅಂದ್ರು. ಆದ್ರೆ ಆ ಬಸ್ಸಲ್ಲಿ ನೀವು ಕೂರ್ನಿಲ್ವಂತೆ ನೋಡಿ, ಅವತ್ತು ಮನೆಗೆ ಬಂದು ಉಣ್ಣಲಿಲ್ಲ."

ನಾನು ಆಕೆಯ ಕಾಲು ಹಿಡಿಯಲು ಬಾಗಿದೆ. "ಬ್ಯಾಡ ತಾಯಿ, ಬ್ಯಾಡ" ಎಂದು ತಡೆದು ಅಪ್ಪಿಕೊಂಡರು. ಬುಕ್ಕಾಂಬುಧಿಯಲ್ಲಿ ಬಾರದ ಅಳು ಅಲ್ಲಿ ಬಂತು. ಉಮಾಳಿಗೆಷ್ಟು, ರುದ್ರಣ್ಣನಿಗೆಷ್ಟು ಅಂತ ನನಗೂ ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ಪಾರ್ವತಮ್ಮನೇ ನಮ್ಮನ್ನು ಕೆರೆಯ ಹಿಂದಕ್ಕೆ ಕರೆದುಕೊಂಡು ಹೋದರು. ನಾವು ಸೈಕಲ್ಲುಗಳನ್ನು ತಳ್ಳಿಕೊಂಡು ಹಿಂದೆ ನಡೆದೆವು. ಉಮಾಳನ್ನು ಮಣ್ಣು ಮಾಡಿದ ದಿನ ನಮ್ಮವರು ಇರಲಿಲ್ಲ. ಆಮೇಲೂ ಅವರು ಆ ಜಾಗಕ್ಕೆ ಹೋಗಿರಲಿಲ್ಲ, ನಾನೂ ಕರೆದಿರಲಿಲ್ಲ. ಅಲ್ಲಿಗೆ ಹೋಗಿ ನೋಡಿದರೆ ಬೀಳು ಜಮೀನೇ ಇಲ್ಲ. ಯಾರೋ ಕೊಂಡುಕೊಂಡು, ಬೇಲಿ ಹಾಕಿ, ತೆಂಗು ಇಟ್ಟಿದ್ದರು. ಹದಿನೈದು ಇಪ್ಪತ್ತು ವರ್ಷದ ಮರಗಳು, ಆರು ಸಾಲು. ನಾನು ಗುರುತಿಟ್ಟುಕೊಂಡಿದ್ದ ತಂಗಡಿ ಗಿಡವಿಲ್ಲ, ತಲೆಯ ಕಡೆ ಇಟ್ಟಿದ್ದ ಕಲ್ಲೂ ಇಲ್ಲ.

"ಈ ತೋಟದಾಗೇ ಟೀಚರಮ್ಮಾ. ಎಲ್ಲಿ ಅಂತ ಹೇಳಾಕೆ ನಂಗೂ ಆಗವಲ್ದು" ಎಂದರು ಪಾರ್ವತಮ್ಮ.

ನಮ್ಮವರು ನನ್ನನ್ನು ಕೇಳಿದರು, "ಎಲ್ಲಿ ಗಿರಿಜಾ?"

ನಾನು ಈ ಕಡೆ ನೋಡಿದೆ, ಆ ಕಡೆ ನೋಡಿದೆ. "ಗೊತ್ತಾಗ್ತಿಲ್ಲ ರೀ" ಎಂದೆ. ಶಿವನಿ ಬಿಟ್ಟ ಮೇಲೆ ನಾನು ಅವರನ್ನು ಹಾಗೆ ಕರೆದದ್ದು ಅದೇ ಮೊದಲು.

ಅವರು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಮೊದಲ ಮರದ ಹತ್ತಿರ ಹೋದರು. ಬುಡದ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ, "ಬಂದೆ ಕಣಮ್ಮ" ಎಂದರು. ಆಮೇಲೆ ಪಕ್ಕದ ಮರ. ಅಲ್ಲೂ ಬಾಗಿ, ಕೈಯಿಟ್ಟು, "ಬಂದೆ ಕಣಮ್ಮ". ಹಾಗೇ ಆ ಸಾಲು ಮುಗಿಸಿ ಎರಡನೆಯದಕ್ಕೆ ಹೊರಳಿದರು. ಪಾರ್ವತಮ್ಮ ಸೆರಗನ್ನು ಬಾಯಿಗೆ ಹಿಡಿದು ಬದುವಿನ ಮೇಲೆ ಕೂತುಬಿಟ್ಟರು. ನಾಲ್ಕನೆಯ ಸಾಲಿನ ನಡುವೆ ನಮ್ಮವರು ಒಂದು ಕೈಯಲ್ಲಿ ಎದೆ ಒತ್ತಿಕೊಂಡು ನಿಂತರು.

"ಬಿಸಿಲೇರ್ತಿದೆ, ಸಾಕು ಬನ್ನಿ" ಎಂದು ಕೂಗಿದೆ.

"ಇನ್ನೂ ಎರಡು ಸಾಲು ಅವೆ ಕಣೇ" ಎಂದರು.

ಅವರ ಮೇಲಿನ ಸಿಟ್ಟು ಆಗ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವರು ತೀರಿಕೊಂಡ ದಿನವೂ ಅದರಲ್ಲಿ ಒಂದಿಷ್ಟು ನನ್ನಲ್ಲಿ ಉಳಿದೇ ಇತ್ತು. ಎರಡೂ ಸೈಕಲ್ಲುಗಳನ್ನು ಬೇಲಿಗೆ ಒರಗಿಸಿದೆ. ನಾನೂ ಚಪ್ಪಲಿ ಬಿಟ್ಟೆ. ತೋಟದ ಆ ತುದಿಗೆ ಹೋಗಿ, ಕೊನೆಯ ಸಾಲನ್ನು ನಾನು ಹಿಡಿದೆ.